ಕೋವಿ ಒಂದೇ, ಹಣೆಬರಹ ಎರಡು

ಮಹಾನವಮಿಯ ಖಂಡೇಪೂಜೆಯ ದಿನ ಮುದ್ದೇಬಿಹಾಳ ಸೀಮೆಯ ನಾಲತವಾಡದಂಥ ಊರಿನಲ್ಲಿ ಒಂದು ಸುತ್ತು ಹಾಕಿದರೆ ಆ ಊರಿನ ಬಾಳುವೆಯೆಲ್ಲ ಕಣ್ಣಿಗೆ ಬೀಳುತ್ತದೆ. ರೈತನ ಮನೆಯಲ್ಲಿ ಕೂರಿಗೆ, ಕುಂಟೆ, ಕುಡಗೋಲು, ಬಡಿಗನ ಮನೆಯಲ್ಲಿ ಬಾಚಿ, ಉಳಿ, ಅಂಗಡಿಯಲ್ಲಿ ತಕ್ಕಡಿ, ಬೀದಿಯಲ್ಲಿ ಟ್ರ್ಯಾಕ್ಟರು, ಮೋಟಾರ್ ಸೈಕಲ್ಲು. ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಹೆಸರು ಆಯುಧಪೂಜೆ. ಆದರೆ ಅಲ್ಲಿ ಸಾಲುಗೊಂಡ ವಸ್ತುಗಳಲ್ಲಿ ನಿಜವಾದ ಆಯುಧ ಕಾಣುವುದು ಅಪರೂಪ.

ಅದೇ ಕರ್ನಾಟಕದ ಇನ್ನೊಂದು ತುದಿಯಾದ ಕೊಡಗಿನಲ್ಲಿ ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಕೈಲ್ ಎಂದರೆ ಆಯುಧ, ಪೊಳ್ದ್ ಎಂದರೆ ಹಬ್ಬ. ಅಲ್ಲಿ ಪೂಜೆಯ ನಡುವೆ ಇರುವುದು ಕೋವಿಯೇ. ಅದರ ನಳಿಗೆಗೆ ‘ತೋಕ್ ಪೂ’, ಅಂದರೆ ಕೋವಿ ಹೂವು ಎಂದೇ ಹೆಸರಾದ ಕೆಂಪು ಹಳದಿ ಹೂವನ್ನು ಸಿಕ್ಕಿಸುತ್ತಾರೆ. ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ.

ಎರಡು ಕಡೆಯೂ ಹಬ್ಬ ಆಯುಧದ್ದೇ. ಒಂದು ಕಡೆ ಕೋವಿ ಉಳಿದು ಆಟವಾಯಿತು, ಇನ್ನೊಂದು ಕಡೆ ಮಾಯವಾಯಿತು. ಹಾಗಾದರೆ ಕೃಷ್ಣಾ ತೀರದ ಜನರಿಗೆ ಕೋವಿಯ ರೂಢಿಯೇ ಇರಲಿಲ್ಲವೇ? ಇತಿಹಾಸ ಹೇಳುವುದು ಇದಕ್ಕೆ ತೀರ ವಿರುದ್ಧವಾದ ಮಾತನ್ನು.

ಬಾಯಿಂದ ಉಣ್ಣುವ ಕೋವಿ

ಈ ಕಥೆಯ ನಾಯಕ ಇಂದಿನ ತೋಟಾ ಕೋವಿಯಲ್ಲ, ಅದರ ಅಜ್ಜ: ನಳಿಗೆಯ ಬಾಯಿಂದಲೇ ಮದ್ದು ಗುಂಡು ತುಂಬಬೇಕಾದ ಹಳೆಯ ಕೋವಿ. ತೋಟಾ ಕೋವಿಯನ್ನು ಹಿಂಬದಿಯಲ್ಲಿ ಮುರಿದು, ಸಿದ್ಧವಾದ ತೋಟಾ ಇಟ್ಟು ಮುಚ್ಚಿದರೆ ಕೆಲಸ ಮುಗಿಯಿತು. ಹಳೆಯ ಕೋವಿಯ ಬಗೆ ಬೇರೆ. ಮೊದಲು ಅಳತೆ ಮಾಡಿದ ಮದ್ದನ್ನು ನಳಿಗೆಯ ಬಾಯಿಗೆ ಸುರಿಯಬೇಕು. ಅದರ ಮೇಲೆ ನಾರು ಇಲ್ಲವೆ ಬಟ್ಟೆಯ ಚೂರು ತುರುಕಿ ಗಜದ ಕಡ್ಡಿಯಿಂದ ಜಡಿಯಬೇಕು. ಆಮೇಲೆ ಗುಂಡು ಅಥವಾ ಚರೆ, ಮತ್ತೆ ಸ್ವಲ್ಪ ನಾರು, ಮತ್ತೆ ಗಜ. ಕೊನೆಗೆ ಕಿವಿಯ ಬಳಿ ಬೆಂಕಿಯ ವ್ಯವಸ್ಥೆ. ಇಷ್ಟೆಲ್ಲ ಆಗುವುದು ಒಂದೇ ಒಂದು ಗುಂಡಿಗಾಗಿ. ಗುರಿ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭ.

ಬೆಂಕಿ ಹಚ್ಚುವ ಬಗೆಯ ಮೇಲೆ ಈ ಕೋವಿಗಳಲ್ಲಿ ಮೂರು ತಲೆಮಾರು. ಮೊದಲನೆಯದು ಜಾಮಗಿ ಕೋವಿ. ಜಾಮಗಿ ಎಂದರೆ ಮೆಲ್ಲಗೆ ಹೊಗೆಯಾಡುತ್ತ ಉರಿಯುವ ಬತ್ತಿ. ಅದು ಬಾಗಿ ಬಂದು ಮದ್ದಿಗೆ ತಾಗುತ್ತಿತ್ತು. ಎರಡನೆಯದರಲ್ಲಿ ಚಕಮಕಿ ಕಲ್ಲು ಉಕ್ಕಿಗೆ ಉಜ್ಜಿ ಕಿಡಿ ಹಾರಿಸುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬಂದದ್ದು ಕೇಪಿನ ಕೋವಿ: ಪುಟ್ಟ ತಾಮ್ರದ ಟೊಪ್ಪಿಗೆಯಂಥ ಕೇಪಿನ ಮೇಲೆ ಕುದುರೆ ಬಡಿದರೆ ಕಿಡಿ ಒಳಕ್ಕೆ ಹಾಯುತ್ತದೆ. ಮಲೆನಾಡಿನ ಹಳೆಯ ಮನೆಗಳ ಮಾತಿನಲ್ಲಿ ‘ಕೇಪಿನ ಕೋವಿ’ ಇಂದಿಗೂ ಬಳಕೆಯಲ್ಲಿರುವ ಪದ. ಮೂರರಲ್ಲೂ ಒಳಗೆ ಉರಿಯುವುದು ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದ ಕರಿಮದ್ದು.

ಹೆಸರುಗಳಲ್ಲೂ ಇತಿಹಾಸವಿದೆ. ‘ಬಂದೂಕು’ ಅರಬ್ಬಿ, ಪಾರಸಿಗಳ ದಾರಿಯಿಂದಲೂ ‘ತುಪಾಕಿ’ ತುರ್ಕಿಯ ಮೂಲದಿಂದಲೂ ಬಂದ ಮಾತುಗಳು. ‘ಕೋವಿ’ ಮಾತ್ರ ನಮ್ಮದೇ. ಕೊಳವೆ ಎಂಬುದು ಅದರ ಹಳೆಯ ಅರ್ಥ. ಹೊರಗಿನಿಂದ ಬಂದ ವಸ್ತುವಿಗೆ ಜನ ಮನೆಯ ಹೆಸರಿಟ್ಟರು ಎಂದರೆ ಅದು ಎಷ್ಟು ಬೇಗ ಮನೆಯದಾಯಿತೆಂದು ಊಹಿಸಬಹುದು.

ಬಾಯಿಂದ ಉಣ್ಣುವ ಆಯುಧಗಳಲ್ಲಿ ಹಿರಿಯಣ್ಣನನ್ನು ನೋಡಬೇಕಾದರೆ ನಾಲತವಾಡದವರು ತಮ್ಮ ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ವಿಜಯಪುರದ ಕೋಟೆಯ ಶರ್ಜಾ ಬುರುಜಿನ ಮೇಲೆ ಕುಳಿತಿರುವ ಮಲಿಕ್-ಎ-ಮೈದಾನ್ ತೋಪನ್ನು ಎರಕ ಹೊಯ್ದದ್ದು 1549ರಲ್ಲಿ, ಅಹಮದನಗರದಲ್ಲಿ. ಹೊಯ್ದವನು ಮಹಮ್ಮದ್ ಬಿನ್ ಹಸನ್ ರೂಮಿ. ತೂಕ ಸುಮಾರು 55 ಟನ್, ಉದ್ದ 14 ಅಡಿಗೂ ಹೆಚ್ಚು. ಆನೆಯನ್ನು ನುಂಗುತ್ತಿರುವ ಮೃಗದ ಬಾಯಿಯಂತೆ ಅದರ ಮೂತಿಯನ್ನು ಕೆತ್ತಲಾಗಿದೆ. ಪರಾಂಡ ಕೋಟೆಯಿಂದ ಅದು ವಿಜಯಪುರಕ್ಕೆ ಬಂದದ್ದು 1632ರಲ್ಲಿ. ತತ್ವದಲ್ಲಿ ಅದಕ್ಕೂ ಬೇಟೆಗಾರನ ಹೆಗಲ ಕೋವಿಗೂ ವ್ಯತ್ಯಾಸವಿಲ್ಲ: ಬಾಯಿಂದ ಮದ್ದು, ಬಾಯಿಂದ ಗುಂಡು, ಕಿವಿಯಿಂದ ಬೆಂಕಿ.

ಗುರಿಕಾರರ ಸೀಮೆ

ನಾಲತವಾಡದ ಸುತ್ತಿನ ನೆಲ ಮದ್ದಿನ ವಾಸನೆಯನ್ನು ಬಹಳ ಹಿಂದೆಯೇ ಕಂಡಿತ್ತು. ಉತ್ತರಕ್ಕಿರುವ ತಾಳಿಕೋಟೆಯ ಹೆಸರು 1565ರ ಜನವರಿಯ ಮಹಾಯುದ್ಧಕ್ಕೆ ಅಂಟಿಕೊಂಡಿದೆ. ವಿಜಯನಗರದ ಸೇನೆ ತೀರ ಹತ್ತಿರ ಬಂದಾಗ ಅಹಮದನಗರದ ತೋಪಿನವರು ಗುಂಡುಗಳ ಬದಲು ತಾಮ್ರದ ಕಾಸುಗಳ ಚೀಲಗಳನ್ನೇ ತೋಪಿನ ಬಾಯಿಗೆ ತುಂಬಿ ಹಾರಿಸಿದರೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ.

ನಾಲತವಾಡದಿಂದ ಪೂರ್ವಕ್ಕೆ ಹುಣಸಗಿ ದಾಟಿ ಹೋದರೆ ಸುರಪುರದ ಗುಡ್ಡಗಳು ಎದುರಾಗುತ್ತವೆ. ಅದು ಬೇಡ ನಾಯಕರ ನಾಡು. ಅದರ ಬಳಿಯ ವಾಗಿನಗೇರಿಯ ಕೋಟೆಯನ್ನು 1705ರ ಫೆಬ್ರವರಿಯಲ್ಲಿ ಮುತ್ತಿದವನು ಸ್ವತಃ ಔರಂಗಜೇಬ. ಆಗ ಅವನಿಗೆ ಎಂಬತ್ತು ದಾಟಿತ್ತು. ಅವನ ಬಾಳಿನ ಕೊನೆಯ ದೊಡ್ಡ ಮುತ್ತಿಗೆಯೂ ಅದೇ. ದೊಡ್ಡ ಕೋಟೆಗಳನ್ನು ಗೆದ್ದು ಬಂದಿದ್ದ ಮೊಗಲ್ ಸೇನೆ ಈ ಚಿಕ್ಕ ಕೋಟೆಯ ಮುಂದೆ ಏಪ್ರಿಲ್ ಕೊನೆಯವರೆಗೆ ಕಾಯಬೇಕಾಯಿತು. ಕೋಟೆ ಬಿದ್ದಾಗಲೂ ನಾಯಕ ಪಿಡಿ ನಾಯಕ ಕೈಗೆ ಸಿಗಲಿಲ್ಲ. ಇದಕ್ಕೆ ಮುಖ್ಯ ಕಾರಣ ಬೇಡ ಪಡೆಯ ಜಾಮಗಿ ಕೋವಿಗಳು. ಬೇಡ ಗುರಿಕಾರರ ಹೆಸರು ಮೊಗಲ್ ದಂಡಿನಲ್ಲೂ ಭಯ ಹುಟ್ಟಿಸಿತ್ತು. ಅವರ ಗುರಿ ತಪ್ಪುವುದು ಅಪರೂಪ ಎಂಬ ಮಾತನ್ನು ಶತ್ರುಪಕ್ಷದ ಬರಹಗಾರರೇ ಒಪ್ಪಿದ್ದಾರೆ.

ಈ ಕೈಚಳಕ ಯುದ್ಧದ ದಿನ ಮಾತ್ರ ಹುಟ್ಟುವಂಥದಲ್ಲ. ಬೇಟೆ ಬೇಡರಿಗೆ ಕಸುಬು, ಆಟ ಎರಡೂ ಆಗಿತ್ತು. ಊರಿನ ಕಾವಲು, ತಳವಾರಿಕೆ ಅವರ ಹಕ್ಕಾಗಿತ್ತು. ಆಯುಧ ಅವರಿಗೆ ರೈತನಿಗೆ ನೇಗಿಲಿದ್ದಂತೆ. ಮಗ ತಂದೆಯಿಂದ ಕಲಿಯುತ್ತಿದ್ದ: ಮದ್ದಿನ ಹದ, ಗಜ ಜಡಿಯುವ ಬಿಗಿ, ಉಸಿರು ಹಿಡಿಯುವ ಹೊತ್ತು. ಒಂದೇ ಗುಂಡಿನಲ್ಲಿ ಕೆಲಸ ಮುಗಿಸಬೇಕಾದವನಿಗೆ ತಾಳ್ಮೆಯೇ ಮೊದಲ ಪಾಠ.

1857: ಕೋವಿ ಕಿತ್ತುಕೊಂಡ ವರ್ಷ

1857ರ ದಂಗೆಗೆ ಹಂದಿ, ದನದ ಕೊಬ್ಬು ಸವರಿದ ತೋಟಾ ಕಾರಣವಾಯಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಸಿಪಾಯಿ ಅದನ್ನು ಹಲ್ಲಿನಿಂದ ಕಚ್ಚಬೇಕಾದದ್ದು ಏಕೆ ಎಂಬುದನ್ನು ಪಠ್ಯಗಳು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. ಆಗ ಹೊಸದಾಗಿ ಬಂದ ಎನ್‌ಫೀಲ್ಡ್ ರೈಫಲು ಕೂಡ ಬಾಯಿಂದ ತುಂಬುವ ಕೋವಿಯೇ. ಅದರ ತೋಟಾ ಎಂದರೆ ಮದ್ದು, ಗುಂಡು ಎರಡನ್ನೂ ಸುತ್ತಿದ ಕಾಗದದ ಕೊಳವೆ. ಅದರ ತುದಿಯನ್ನು ಹಲ್ಲಿನಿಂದ ಹರಿದು ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಜಡಿಯಬೇಕಿತ್ತು. ಕೋವಿ ಹಿಂಬದಿಯಿಂದ ತುಂಬುವಂಥದಾಗಿದ್ದರೆ ಕಚ್ಚುವ ಪ್ರಶ್ನೆಯೇ ಏಳುತ್ತಿರಲಿಲ್ಲ.

ದಂಗೆ ಹಬ್ಬಿದಾಗ ಕಂಪನಿ ಸರ್ಕಾರ ಜನರ ಕೈಯಲ್ಲಿದ್ದ ಆಯುಧಗಳಿಗೆ ಹೆದರಿತು. 1857ರಲ್ಲೇ ಹೊಸ ಕಾಯಿದೆ ಬಂತು: ಆಯುಧವಿದ್ದವರು ಅದನ್ನು ನೋಂದಾಯಿಸಿ ಪರವಾನಗಿ ಪಡೆಯಬೇಕು, ಇಲ್ಲವಾದರೆ ಸರ್ಕಾರಕ್ಕೆ ಒಪ್ಪಿಸಬೇಕು. ನಗರದ ಸಾಹುಕಾರನಿಗೆ ಇದು ಒಂದು ಅರ್ಜಿಯ ಮಾತು. ಆಯುಧವೇ ಅನ್ನವಾದವನಿಗೆ ಹಾಗಲ್ಲ.

ನಾಲತವಾಡದ ಪಶ್ಚಿಮಕ್ಕೆ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಜಡಗ, ಬಾಲ, ಹನುಮ, ರಾಮ ಮುಂದಾಳುಗಳು. ಸುತ್ತಲಿನ ಊರುಗಳವರೂ ಬಂದು ಕೂಡಿಕೊಂಡರು. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಊರನ್ನು ಸುತ್ತುವರಿಯಿತು, ಮನೆಗಳಿಗೆ ಬೆಂಕಿ ಬಿತ್ತು, ಬಹಳ ಜನ ಸತ್ತರು, ನೂರಾರು ಮಂದಿ ಸೆರೆ ಸಿಕ್ಕರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿ, 14ರಂದು ಹಲಗಲಿಯಲ್ಲೇ 6 ಮಂದಿ ಗಲ್ಲಿಗೇರಿದರು. ಊರು ಹಾಳಾಯಿತು, ಹಾಡು ಉಳಿಯಿತು. ಹಲಗಲಿ ಬೇಡರ ಲಾವಣಿಯನ್ನು ಸಂಗ್ರಹಿಸಿದವನು ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದು ಇತಿಹಾಸದ ವಿಚಿತ್ರ. ಮುಂದೆ ಅದು ಕನ್ನಡ ಪಠ್ಯಪುಸ್ತಕಕ್ಕೂ ಬಂದು ಎಷ್ಟೋ ವಿದ್ಯಾರ್ಥಿಗಳ ಬಾಯಿಗೆ ಹತ್ತಿತು.

ಮರುವರ್ಷ ಫೆಬ್ರವರಿಯಲ್ಲಿ ಪೂರ್ವದ ಸುರಪುರ ಸಿಡಿಯಿತು. ಅಲ್ಲಿನ ತರುಣ ದೊರೆ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದವನು ಮೆಡೋಸ್ ಟೇಲರ್. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನೆಂದು ಟೇಲರನ ಆತ್ಮಕಥೆಯಿಂದ ತಿಳಿಯುತ್ತದೆ. ಆ ಪ್ರೀತಿಯೂ ದೊರೆಯನ್ನು ಉಳಿಸಲಿಲ್ಲ. ಹೋರಾಟ ಸೋತು, ಹೈದರಾಬಾದಿನಲ್ಲಿ ಸಿಕ್ಕಿಬಿದ್ದು, ಸೆರೆಮನೆಗೆ ಒಯ್ಯುವ ದಾರಿಯಲ್ಲಿ ಅವನು ಗುಂಡಿನೇಟಿನಿಂದ ಸತ್ತ. ಅದೇ 1858ರಲ್ಲಿ ನರಗುಂದದ ಬಾಬಾಸಾಹೇಬ, ಮುಂಡರಗಿಯ ಭೀಮರಾಯ ಎದ್ದಾಗಲೂ ಆಯುಧ ಕಸಿಯುವ ಆಜ್ಞೆಯ ಸಿಟ್ಟು ಒಂದು ಕಾರಣವಾಗಿತ್ತು. ಹೀಗೆ ಎರಡೇ ವರ್ಷಗಳಲ್ಲಿ ಗುರಿಕಾರರ ಸೀಮೆ ಬರಿಗೈಯಾಯಿತು.

1861: ಕೋವಿ ಬಿಟ್ಟುಕೊಟ್ಟ ವರ್ಷ

ಇದೇ ಕಾಯಿದೆ ಕೊಡಗಿಗೆ ಬಂದಾಗ ಕಥೆ ಬೇರೆ ದಾರಿ ಹಿಡಿಯಿತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ವಶಪಡಿಸಿಕೊಂಡಿತ್ತು. ಅಲ್ಲಿ ಪ್ರತಿರೋಧವೇ ಇರಲಿಲ್ಲ ಎನ್ನುವಂತಿಲ್ಲ. 1837ರ ಅಮರಸುಳ್ಯ ದಂಗೆಯಲ್ಲಿ ಪಾಲ್ಗೊಂಡ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಆದರೆ 1857ರಲ್ಲಿ ಕೊಡಗು ಶಾಂತವಾಗಿತ್ತು. ಕೊಡವರ ನಿಷ್ಠೆ ಸರ್ಕಾರಕ್ಕೆ ಮೆಚ್ಚುಗೆಯಾಯಿತು. 1861ರ ಫೆಬ್ರವರಿಯಲ್ಲಿ ಕಮೀಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯಿದೆಯಿಂದ ಹೊರಗಿಟ್ಟು ಆಜ್ಞೆ ಹೊರಡಿಸಿದ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರಿನ ಕಬ್ಬನ್ ಇವನೇ.

ಇಲ್ಲಿ ಒಂದು ಮಾತು ಗಮನಿಸಬೇಕು. ಕೃಷ್ಣಾ ತೀರದ ಬೇಡರೂ ಕಾವೇರಿ ತೀರದ ಕೊಡವರೂ ಕೋವಿಯನ್ನು ಪ್ರೀತಿಸಿದ ರೀತಿಯಲ್ಲಿ ಹೆಚ್ಚು ಕಡಿಮೆಯಿರಲಿಲ್ಲ. ಬೇಟೆ, ಕಾವಲು, ದಂಡಿನ ಸೇವೆ, ದೇವರ ಮುಂದೆ ಆಯುಧ ಇಡುವ ಪದ್ಧತಿ ಇಬ್ಬರಲ್ಲೂ ಇತ್ತು. ವ್ಯತ್ಯಾಸ ಇದ್ದದ್ದು ಆಳುವವರು ಯಾರನ್ನು ನಂಬಿದರು, ಯಾರಿಗೆ ಹೆದರಿದರು ಎಂಬುದರಲ್ಲಿ. 1878ರಲ್ಲಿ ಲಿಟ್ಟನ್ ತಂದ ಆಯುಧ ಕಾಯಿದೆ ಈ ಭೇದವನ್ನು ದೇಶಕ್ಕೆಲ್ಲ ವಿಸ್ತರಿಸಿತು. 1887ರ ಮದರಾಸು ಅಧಿವೇಶನದಲ್ಲಿ ಕಾಂಗ್ರೆಸ್ಸು ಅದರ ತಿದ್ದುಪಡಿ ಕೇಳಿತು. ಅಹಿಂಸೆಯ ಪ್ರತಿಪಾದಕರಾದ ಗಾಂಧೀಜಿಯವರೂ ಇಡೀ ಜನಾಂಗವನ್ನು ನಿಶ್ಶಸ್ತ್ರಗೊಳಿಸಿದ್ದನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೃತ್ಯವೆಂದು ಎಣಿಸಿದ್ದರು.

ಹಬ್ಬವಾಗಿ, ಆಟವಾಗಿ

ಬಿಟ್ಟುಕೊಟ್ಟ ಕೋವಿ ಕೊಡಗಿನಲ್ಲಿ ಏನಾಯಿತು? ಅದು ಬಾಳಿನ ಎಲ್ಲ ಘಟ್ಟಗಳಿಗೂ ಸಾಕ್ಷಿಯಾಯಿತು. ಗಂಡು ಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಎರಡು. ಕಣಿವೆಯ ಆಚೆಯ ಮನೆಯವರು ಸದ್ದನ್ನು ಎಣಿಸಿಯೇ ಸುದ್ದಿ ತಿಳಿಯುತ್ತಿದ್ದರು. ಪುತ್ತರಿಯ ರಾತ್ರಿ ಹೊಸ ಕದಿರು ಕೊಯ್ಯುವಾಗ ಗುಂಡು ಹಾರಲೇಬೇಕು. ಗದ್ದೆಯ ನಾಟಿಯ ತಿಂಗಳುಗಳಲ್ಲಿ ಬದಿಗಿಟ್ಟ ಆಯುಧವನ್ನು ಕೈಲ್‌ಪೊಳ್ದ್ ದಿನ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದಿಟ್ಟು ಪೂಜಿಸಿ ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

ಆಮೇಲಿನದು ಆಟ. ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಯನ್ನು ಕೆಳಗೆ ನಿಂತು ಹೊಡೆದು ಒಡೆಯಬೇಕು. ಈಗಿನ ಪಂದ್ಯಗಳಲ್ಲಿ ಬಳಸುವುದು ಬಹುಮಟ್ಟಿಗೆ ತೋಟಾ ಕೋವಿ, ರೈಫಲುಗಳನ್ನೇ. ಆದರೆ ಆಟದ ನಿಯಮದಲ್ಲಿ ಹಳೆಯ ಕೋವಿಯ ಸ್ವಭಾವ ಉಳಿದಿದೆ: ಅವಕಾಶ ಕಡಿಮೆ, ಗುರಿಯೇ ಮುಖ್ಯ. ಇಲ್ಲಿ ಕೋವಿಯ ಎದುರು ಶತ್ರುವಿಲ್ಲ, ಮಿಕವೂ ಇಲ್ಲ. ಇರುವುದು ಒಂದು ತೆಂಗಿನಕಾಯಿ.

ಹೀಗೆ ಕೊಲ್ಲುವ ವಸ್ತು ಹವ್ಯಾಸವಾಗಿ ಮಾರ್ಪಡುವುದು ಕೊಡಗಿಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದಲ್ಲಿ ಬಾಯಿಂದ ತುಂಬುವ ರೈಫಲುಗಳ ಹವ್ಯಾಸಿಗಳು 1933ರಲ್ಲೇ ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಇಂಡಿಯಾನಾ ರಾಜ್ಯದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರು ಅವರ ಪಂದ್ಯಗಳ ಕೇಂದ್ರ. 1971ರಿಂದ ಅಂತರರಾಷ್ಟ್ರೀಯ ಸ್ಪರ್ಧೆಗಳೂ ನಡೆಯುತ್ತಿವೆ. ಅಲ್ಲಿ ಹಳೆಯ ಕೋವಿ ಅಥವಾ ಅದರ ನಿಷ್ಠಾವಂತ ನಕಲನ್ನು ಮಾತ್ರ ಬಳಸಬಹುದು. ಜಾಮಗಿ ಕೋವಿಯ ಒಂದು ಸ್ಪರ್ಧೆಗೆ ‘ತನೆಗಾಶಿಮಾ’ ಎಂದು ಹೆಸರು. ಅದು 1543ರಲ್ಲಿ ಪೋರ್ಚುಗೀಸರ ಮೂಲಕ ಮೊದಲ ಕೋವಿಗಳು ಬಂದಿಳಿದ ಜಪಾನಿನ ದ್ವೀಪದ ಹೆಸರು. ನಿಮಿಷಕ್ಕೆ ನೂರಾರು ಗುಂಡು ಉಗುಳುವ ಯಂತ್ರಗಳ ಕಾಲದಲ್ಲಿ, ಒಂದು ಗುಂಡಿಗಾಗಿ ಇಷ್ಟು ಹೊತ್ತು ಕಳೆಯುವುದರಲ್ಲಿ ಈ ಜನರಿಗೆ ಸಿಗುವ ಸಂತೋಷ ಬೇರೆ ಬಗೆಯದು. ಮದ್ದು ಅಳೆಯುವುದು, ಗಜ ಜಡಿಯುವುದು, ಹೊಗೆ ಕರಗುವವರೆಗೆ ಗುರಿ ಕಾಣದೆ ಕಾಯುವುದು, ಪಂದ್ಯ ಮುಗಿದ ಮೇಲೆ ಬಿಸಿನೀರಿನಲ್ಲಿ ನಳಿಗೆ ತೊಳೆಯುವುದು, ಎಲ್ಲವೂ ಅವರಿಗೆ ಆಟದ ಭಾಗವೇ.

ಇಂದಿನ ಕಾಯಿದೆಯಲ್ಲಿ

ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಆಯುಧ ಕಾಯಿದೆ ಮಾಡಿಕೊಂಡಿತು. ಬಾಯಿಂದ ತುಂಬುವ ಕೋವಿಗೂ ಪರವಾನಗಿ ಬೇಕು. ಮಲೆನಾಡು, ಕರಾವಳಿಗಳ ಎಷ್ಟೋ ರೈತರ ಬಳಿ ಬೆಳೆ ರಕ್ಷಣೆಗೆಂದು ಪಡೆದ ಒಂಟಿ ನಳಿಗೆಯ ಇಂಥ ಕೋವಿಗಳಿವೆ. ಪರವಾನಗಿ ಪುಸ್ತಕದಲ್ಲಿ ಅದರ ಹೆಸರು ‘ಎಸ್‌ಬಿಎಂಎಲ್’. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಯಲ್ಲಿಟ್ಟು ಬರಬೇಕು. ಹಂದಿ, ಮಂಗಗಳು ಚುನಾವಣೆ ನೋಡಿ ತೋಟಕ್ಕೆ ಬರುವುದಿಲ್ಲ ಎಂಬುದು ರೈತರ ಅಳಲು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ಹವ್ಯಾಸ ಮುಗಿದ ಅಧ್ಯಾಯವಾಯಿತು. ಅದು ಆಗಬೇಕಾದದ್ದೇ. ಕಳ್ಳಬೇಟೆಗೆ ಇಂದಿಗೂ ಬಳಕೆಯಾಗುವುದು ಬಹುಪಾಲು ಪರವಾನಗಿಯಿಲ್ಲದ ನಾಡಕೋವಿ. ಅದು ಸಿಡಿದು ಹಾರಿಸಿದವನೇ ಗಾಯಗೊಂಡ ಸುದ್ದಿಯೂ ಆಗಾಗ ಬರುತ್ತದೆ. ಇನ್ನು ಗುಂಡು ಹಾರಿಸಲಾರದ, ದುರಸ್ತಿ ಮಾಡಿದರೂ ಹಾರದ ಪುರಾತನ ಕೋವಿಯನ್ನು ನೆನಪಿಗಾಗಿ ಇಟ್ಟುಕೊಳ್ಳಲು ಇದೇ ಕಾಯಿದೆಯ 45ನೇ ಕಲಮು ಅವಕಾಶ ಕೊಡುತ್ತದೆ.

ಕೊಡಗಿನ ವಿನಾಯಿತಿ ಮಾತ್ರ ಮುಂದುವರಿದಿದೆ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಅನ್ವಯ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಆ ಅಧಿಸೂಚನೆಯಲ್ಲೂ ಬಾಯಿಂದ ತುಂಬುವ ಕೋವಿಯ ಹೆಸರಿದೆ. ಜಾತಿ, ಹಿಡುವಳಿಗಳ ಆಧಾರದ ಮೇಲೆ ಇಂಥ ರಿಯಾಯಿತಿ ಸಮಾನತೆಗೆ ವಿರುದ್ಧವೆಂಬ ವಾದ ಹೈಕೋರ್ಟಿನ ಮುಂದೆ ಬಂದಿತ್ತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು.

1956ರ ನವೆಂಬರ್ 1ರಂದು ಮುಂಬಯಿ ಪ್ರಾಂತದ ನಾಲತವಾಡ, ಹೈದರಾಬಾದಿನ ಸುರಪುರ, ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಒಂದೇ ರಾಜ್ಯದಲ್ಲಿ ಸೇರಿದವು. ಕೋವಿಯ ಮಟ್ಟಿಗೆ ಮಾತ್ರ ನೂರಾರವತ್ತು ವರ್ಷಗಳಿಗೂ ಹಿಂದಿನ ಆ ಗಡಿಗೆರೆ ಅಳಿಸಿಲ್ಲ. ಮನೆಮನೆಗೂ ಕೋವಿ ಬರಲಿ ಎಂದು ಇಂದು ಯಾರೂ ಬಯಸಲಾರರು. ಆದರೆ ಕೊಡಗಿನ ತೆಂಗಿನಕಾಯಿ ಪಂದ್ಯವನ್ನು ನೋಡಿ ಕೋವಿಯ ಸಂಸ್ಕೃತಿ ಅಲ್ಲಿಯದು ಮಾತ್ರ ಎಂದುಕೊಳ್ಳುವವರು ಹಲಗಲಿ, ವಾಗಿನಗೇರಿಗಳನ್ನೂ ನೆನೆಯಬೇಕು. ಅಲ್ಲಿಯೂ ಅಂಥದೇ ಹಬ್ಬ, ಅಂಥದೇ ಪಂದ್ಯ ಬೆಳೆಯಬಹುದಿತ್ತು. ಅದಕ್ಕೆ ಬೇಕಾದ ಕೈ, ಕಣ್ಣು ಎರಡೂ ಇದ್ದವು.

ಮಲಿಕ್-ಎ-ಮೈದಾನಿನ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ಬೇಡವಾದ ಸಾಮಗ್ರಿಯೆಂದು 1854ರಲ್ಲಿ ಆ ತೋಪನ್ನು ಸರ್ಕಾರ ಹರಾಜಿಗಿಟ್ಟಿತ್ತು. ಅತಿ ಹೆಚ್ಚಿನ ಸವಾಲು 150 ರೂಪಾಯಿ. ಇಷ್ಟು ಕಡಿಮೆಗೆ ಕೊಡುವುದು ಬೇಡ, ಜನರಿಗೆ ಅದರ ಮೇಲೆ ಭಕ್ತಿಯಿದೆ ಎಂದು ಅಧಿಕಾರಿಗಳು ಮಾರಾಟ ನಿಲ್ಲಿಸಿದರು. ಮೂರೇ ವರ್ಷಗಳ ಮೇಲೆ ಅದೇ ಸೀಮೆಯ ಬಡವರ ಕೋವಿಗಳ ಸರದಿ ಬಂತು. ಅವುಗಳ ಮೇಲೆ ಇದ್ದ ಭಕ್ತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಐವತ್ತೈದು ಟನ್ನಿನ ತೋಪು ಇಂದಿಗೂ ಬುರುಜಿನ ಮೇಲಿದೆ. ಹೆಗಲ ಮೇಲೆ ಹೊರಬಹುದಾಗಿದ್ದ ಕೋವಿ ಲಾವಣಿಯಲ್ಲಿದೆ.